ಹೊಸ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಮೊದಲ ವರ್ಷದ ರೊಕ್ಕ ಎಲ್ಲಿಂದ ತರೋಣ?

ಜಮಖಂಡಿಯಲ್ಲಿ ನನ್ನದೊಂದು ಚಿಕ್ಕ ಆನ್‌ಲೈನ್ ಸೆಂಟರ್ ಇದೆ. ಉತಾರ (ಪಹಣಿ) ತೆಗೆದುಕೊಡುವುದು, ಝೆರಾಕ್ಸ್ ಮಾಡುವುದು, ಅರ್ಜಿ ತುಂಬುವುದು, ಇದೇ ದಿನದ ಕೆಲಸ. ನೀಟ್ ಸೀಟು ಹಂಚಿಕೆಯ ದಿನಗಳಲ್ಲಿ ರಾತ್ರಿ ಹತ್ತಾದರೂ ಬಾಗಿಲು ಹಾಕಲು ಆಗುವುದಿಲ್ಲ.

ಕಳೆದ ಸಲ ಬನಹಟ್ಟಿಯಿಂದ ಒಬ್ಬ ನೇಕಾರರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಹುಡುಗಿಯ ಹತ್ತನೇ ತರಗತಿ ಅಂಕಪಟ್ಟಿಯಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಎಲ್ಲವೂ ಇದ್ದವು. ಹೊಸದಾಗಿ ಶುರುವಾದ ಒಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಆಕೆಗೆ ಸೀಟು ಸಿಕ್ಕಿತ್ತು. ಆಕೆ ಕೇಳಿದ್ದು ಒಂದೇ ಮಾತು.

"ಅಣ್ಣಾರ, ಫೀ ಕಟ್ಟಾಕ ನಾಕ ದಿನಾ ಅದಾವ್ರಿ. ಅಷ್ಟರಾಗ ಸ್ಕಾಲರ್‌ಶಿಪ್ ಬರತೈತೇನ್ರಿ?"

"ಇಲ್ಲವ್ವಾ, ಅಷ್ಟು ಲಗೂ ಬರೂದಿಲ್ಲ" ಅಂದೆ. ಅಪ್ಪ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮನೆ ಕೂತರು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವ ಸ್ಕಾಲರ್‌ಶಿಪ್‌ನಲ್ಲಿ ಎಷ್ಟು ಹಣ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಹಣ ಯಾವಾಗ ಕೈಗೆ ಬರುತ್ತದೆ, ಯಾರ ಕಾಗದದ ಮೇಲೆ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಹೊಸ ಕಾಲೇಜಿಗೆ ಹೋಗುವ ಮಕ್ಕಳಿಗೆ ಈ ಎರಡು ಪ್ರಶ್ನೆಗಳೇ ಮುಖ್ಯ. ಕೆಲವು ಹಣ ನಿಮ್ಮ ಕಾಗದ ನೋಡಿ ಬರುತ್ತದೆ: ನಿಮ್ಮ ಜಾತಿ, ಆದಾಯ, ಅಂಕ, ಅಪ್ಪನ ಹೊಲ. ಕೆಲವು ಹಣ ಕಾಲೇಜಿನ ಕಾಗದ ನೋಡಿ ಬರುತ್ತದೆ: ಅದರ ಕೋಡ್, ರ‍್ಯಾಂಕಿಂಗ್, ಸ್ಕಾಲರ್‌ಶಿಪ್ ಅರ್ಜಿ ನೋಡುವ ನೋಡಲ್ ಅಧಿಕಾರಿ. ಕಾಲೇಜು ಹೊಸದಾದರೆ ಎರಡನೆಯದು ಒಂದೋ ತಡ, ಇಲ್ಲವೇ ಇಲ್ಲ.

ಹೊಸ ಕಾಲೇಜು ಅಂದರೆ ಏನು ಬದಲಾಗುತ್ತದೆ

ನಮ್ಮ ಮೂರು ಜಿಲ್ಲೆಗಳಲ್ಲಿ ಹಳೆಯ ಕಾಲೇಜುಗಳಿಗೆ ಕೊರತೆ ಇಲ್ಲ. ಬೆಳಗಾವಿಯ ಜೆಎನ್‌ಎಂಸಿ 1963ರದು. ವಿಜಯಪುರದ ಅಲ್ ಅಮೀನ್ 1984ರದು, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಕಾಲೇಜು 1986ರದು. ಬಾಗಲಕೋಟೆಯ ನಿಜಲಿಂಗಪ್ಪ ಕಾಲೇಜು 2002ರಲ್ಲಿ, ಬೆಳಗಾವಿಯ ಸರ್ಕಾರಿ ಬಿಮ್ಸ್ 2006ರಲ್ಲಿ ಶುರುವಾದವು. ಆದರೆ ಸರ್ಕಾರಿ ಸೀಟು ಹುಡುಕುವ ನಮ್ಮ ಮಕ್ಕಳಿಗೆ ಬಿಮ್ಸ್ ಸಿಗದಿದ್ದರೆ ಗದಗ, ಕೊಪ್ಪಳ, ಅದೂ ಇಲ್ಲದಿದ್ದರೆ ಈಚೆಗೆ ತೆರೆದ ಹಾವೇರಿ, ಯಾದಗಿರಿ, ಚಿತ್ರದುರ್ಗ. ಅಲ್ಲಿಗೆ ಹೋಗಲು ಹಿಂಜರಿಯಬೇಕಿಲ್ಲ. ಪದವಿ ಅದೇ, ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪರೀಕ್ಷೆಯೂ ಅದೇ.

ಹಳೆ ಕಾಲೇಜಿನ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಟೇಬಲ್ಲಿನವರಿಗೆ ಎಲ್ಲ ಬಾಯಿಪಾಠ. ಸೀನಿಯರ್‌ಗಳು ಹೇಳಿಕೊಡುತ್ತಾರೆ. ಹಳೆ ವಿದ್ಯಾರ್ಥಿಗಳ ದತ್ತಿ ಇರುತ್ತದೆ. ಹೊಸ ಕಾಲೇಜಿನಲ್ಲಿ ಇದು ಯಾವುದೂ ಇರುವುದಿಲ್ಲ. ಬೇರೆ ಕಡೆಯಿಂದ ಬಂದ ಇಬ್ಬರು ಮೂವರು ಸಿಬ್ಬಂದಿ ಅಡ್ಮಿಶನ್, ಹಾಸ್ಟೆಲ್, ಸ್ಕಾಲರ್‌ಶಿಪ್ ಎಲ್ಲ ನೋಡುತ್ತಿರುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನ ಇಲ್ಲ. ನಿಮ್ಮ ತಯಾರಿ ಗಟ್ಟಿ ಇರಬೇಕು ಅಷ್ಟೇ.

ಮೊದಲು ಸೀಟು ಯಾವುದು ನೋಡಿ

ಸಹಾಯಧನ ಹೋಲಿಸುವ ಮುಂಚೆ ಎಷ್ಟು ಬೇಕು ಅನ್ನುವುದು ಗೊತ್ತಿರಬೇಕು. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 60 ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಪ್ರೈವೇಟ್ ಸೀಟಾದರೆ ಹತ್ತು ಲಕ್ಷ ದಾಟುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ದಿಲ್ಲಿಯ ಎಂಸಿಸಿ (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿ) ಕೌನ್ಸೆಲಿಂಗ್‌ನಲ್ಲಿ ಸಿಗುವಂಥದ್ದು, ಅಲ್ಲಿ ಇನ್ನೂ ಜಾಸ್ತಿ. ಪ್ರತಿ ವರ್ಷ ಅಂಕಿ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿ ನೋಡಿಯೇ ಲೆಕ್ಕ ಹಾಕಿ.

ಇದರ ಮೇಲೆ ಹಾಸ್ಟೆಲ್, ಮೆಸ್, ಪುಸ್ತಕ, ಏಪ್ರನ್, ಮೂಳೆ ಸೆಟ್. ಹೊಸ ಕಾಲೇಜಿನಲ್ಲಿ ಸ್ವಂತ ಹಾಸ್ಟೆಲ್ ಕಟ್ಟಡ ಮುಗಿದಿಲ್ಲದಿದ್ದರೆ ಬಾಡಿಗೆ ಕೋಣೆ, ಆಟೊ ಖರ್ಚು ಸೇರುತ್ತದೆ. ಕಾಲೇಜು ನೋಡಲು ಹೋದಾಗ ಇದನ್ನೊಂದು ತಪ್ಪದೆ ಕೇಳಿ.

ಒಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಎಸ್‌ಎನ್‌ಕ್ಯೂ (ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ) ಸೀಟು ಅಂತ ಕೇಳಿಕೊಂಡು ಬರುವವರು ಜಾಸ್ತಿ. ಅದು ಇಂಜಿನಿಯರಿಂಗ್‌ಗೆ, ಮೆಡಿಕಲ್‌ಗೆ ಇಲ್ಲ.

ಎಸ್‌ಎಸ್‌ಪಿ: ತಡವಾದರೂ ಬಿಡಬಾರದ್ದು

ರಾಜ್ಯ ಸರ್ಕಾರದ ಬಹುತೇಕ ವಿದ್ಯಾರ್ಥಿವೇತನ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಒಂದೇ ಅರ್ಜಿಯಲ್ಲಿ ಆಗುತ್ತದೆ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಎಲ್ಲ ಅದರೊಳಗೇ.

ಪರಿಶಿಷ್ಟ ಜಾತಿಯ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನವೇ ದೊಡ್ಡ ಆಸರೆ. ಕುಟುಂಬದ ವರ್ಷದ ಆದಾಯ 2.5 ಲಕ್ಷದೊಳಗೆ ಇರಬೇಕು. ಖರ್ಚಿನಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಶುಲ್ಕ ಬಿಟ್ಟು ಕೊಡುವ ಭತ್ಯೆ ಎಂಬಿಬಿಎಸ್‌ನಂಥ ಕೋರ್ಸಿಗೆ ಹಾಸ್ಟೆಲ್‌ನಲ್ಲಿರುವವರಿಗೆ ವರ್ಷಕ್ಕೆ 13,500, ಮನೆಯಿಂದ ಓಡಾಡುವವರಿಗೆ 7,000. ಎರಡು ಪಾಲು ಎರಡು ಕಡೆಯಿಂದ ಬರುವುದರಿಂದ ಒಂದು ಕಂತು ಬಂದು ಇನ್ನೊಂದು ಬಾರದಿದ್ದರೆ ಗಾಬರಿ ಆಗಬೇಡಿ. ಹಾಸ್ಟೆಲ್ ವಿವರ ಮಾತ್ರ ಸರಿಯಾಗಿ ತುಂಬಿ. ತಪ್ಪಿ ಡೇ ಸ್ಕಾಲರ್ ಅಂತ ಹೋದರೆ 6,500 ಸುಮ್ನೆ ಕಳೆದುಕೊಳ್ಳುತ್ತೀರಿ.

ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಇದೆ, ಆದರೆ ಆದಾಯ ಮಿತಿ ಪ್ರವರ್ಗ 1ಕ್ಕೆ ಬೇರೆ, 2ಎ, 3ಎ, 3ಬಿಗೆ ಬೇರೆ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ: 2025ರ ಲೆಕ್ಕದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000 ಇತ್ತು. ಹೊಸ ಕಾಲೇಜಿರುವ ಊರಲ್ಲಿ ಬಿಸಿಎಂ (ಹಿಂದುಳಿದ ವರ್ಗ ಇಲಾಖೆಯ) ಹಾಸ್ಟೆಲ್ ಬೇಗ ತುಂಬಿಬಿಡುತ್ತದೆ. ಹಾಗಾಗಿ ಹಾಸ್ಟೆಲ್ ಅರ್ಜಿ ಮೊದಲು ಹಾಕಿ, ಸಿಗದಿದ್ದರೆ ವಿದ್ಯಾಸಿರಿ ಕೇಳಿ. ನನ್ನನ್ನು ಕೇಳಿದರೆ ಸರ್ಕಾರಿ ಹಾಸ್ಟೆಲ್ಲೇ ಒಳ್ಳೆಯದು. 15,000ದಲ್ಲಿ ಹೊರಗೆ ಒಂದು ವರ್ಷ ಊಟ, ಕೋಣೆ ಎರಡೂ ಸಾಗುವುದಿಲ್ಲ.

ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಇದೆ. ಎಂಬಿಬಿಎಸ್‌ನಂಥ ವೃತ್ತಿ ಕೋರ್ಸಿಗೆ ಹುಡುಗರಿಗೆ 10,000, ಹುಡುಗಿಯರಿಗೆ 11,000. ಇದಕ್ಕೆ ಅಪ್ಪನ ಅಥವಾ ಅವ್ವನ ಹೆಸರಲ್ಲಿ ರೈತರ ನೋಂದಣಿಯ ಫ್ರೂಟ್ಸ್ ಐಡಿ, ಅಂದರೆ ಎಫ್‌ಐಡಿ ಇರಬೇಕು. ನಮ್ಮ ಕಡೆ ಉತಾರ ಇನ್ನೂ ಅಜ್ಜನ ಹೆಸರಲ್ಲೇ ಇರುವುದು ಸಾಮಾನ್ಯ. ಅಲ್ಲೇ ಎಷ್ಟೋ ಅರ್ಜಿ ನಿಂತುಬಿಡುತ್ತವೆ. ಸೀಟು ಸಿಗುವ ತನಕ ಕಾಯಬೇಡಿ, ಮಗು ಪಿಯುಸಿ ಓದುವಾಗಲೇ ವಾರಸಾ ಮಾಡಿಸಿ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ. 2022ರಲ್ಲಿ ಇದನ್ನು ಭೂಮಿ ಇಲ್ಲದ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೊ ಮತ್ತು ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಇಳಕಲ್, ಗುಳೇದಗುಡ್ಡ, ರಬಕವಿ, ಬನಹಟ್ಟಿ, ಮಹಾಲಿಂಗಪುರದ ನೇಕಾರ ಮನೆಗಳಲ್ಲಿ ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿರುವವರು ದಯವಿಟ್ಟು ಪಕ್ಕದ ಮನೆಗೂ ಹೇಳಿ.

ಈಗ ತೊಂದರೆ ಎಲ್ಲಿ ಆಗುತ್ತದೆ ಹೇಳುತ್ತೇನೆ. ಎಸ್‌ಎಸ್‌ಪಿಯಲ್ಲಿ ದಾಖಲೆಗಳಿಗೆ ಇ-ದೃಢೀಕರಣ ಬೇಕು. ಅದನ್ನು ಕಾಲೇಜಿನಲ್ಲಿ ನೇಮಿಸಿದ ಅಧಿಕಾರಿಯೇ ಮಾಡಬೇಕು. ಹೊಸ ಕಾಲೇಜಿನಲ್ಲಿ ಆ ಅಧಿಕಾರಿಯ ಲಾಗಿನ್ ಇನ್ನೂ ಆಗಿಲ್ಲದಿರಬಹುದು. ಅಡ್ಮಿಶನ್ ದಿನವೇ "ಎಸ್‌ಎಸ್‌ಪಿ ಇ-ದೃಢೀಕರಣ ಯಾರು ಮಾಡುತ್ತಾರೆ?" ಅಂತ ಹೆಸರು ಕೇಳಿ ಬರೆದುಕೊಳ್ಳಿ. ಯಾರೂ ಇಲ್ಲ ಅಂದರೆ ಹತ್ತು ಮಕ್ಕಳು ಸೇರಿ ಡೀನ್‌ಗೆ ಒಂದು ಅರ್ಜಿ ಕೊಡಿ. ಒಬ್ಬರೇ ಹೋದರೆ "ಆಮೇಲೆ ಬಾ" ಅನ್ನುತ್ತಾರೆ, ಹತ್ತು ಜನ ಹೋದರೆ ಕೆಲಸ ಆಗುತ್ತದೆ.

ಇನ್ನೊಂದು ತೊಂದರೆ ನಮ್ಮ ಮನೆಯಲ್ಲೇ ಆಯಿತು. ನಮ್ಮ ಅಣ್ಣನ ಮಗ ಹೊಸ ಕಾಲೇಜಿಗೆ ಸೇರಿದ ಮೇಲೆ ಹಾಸ್ಟೆಲ್ ಶುಲ್ಕಕ್ಕೆ ಅಂತ ಆ ಊರಿನ ಒಂದು ಬ್ಯಾಂಕಿನಲ್ಲಿ ಖಾತೆ ತೆರೆದ. ಅಲ್ಲಿಯವರು ಅವನಿಗೆ ತಿಳಿಸದೆ ಆಧಾರ್ ಅನ್ನು ಆ ಖಾತೆಗೆ ಜೋಡಿಸಿದರು. ಸ್ಕಾಲರ್‌ಶಿಪ್ ಹಣ ಖಾತೆ ನಂಬರ್ ನೋಡಿ ಬರುವುದಿಲ್ಲ, ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಾವು ಜಮಖಂಡಿಯ ಹಳೆ ಪಾಸ್‌ಬುಕ್ ಹಿಡಿದುಕೊಂಡು ನಾಲ್ಕು ತಿಂಗಳು ಎಂಟ್ರಿ ಹಾಕಿಸಿದ್ದೇ ಹಾಕಿಸಿದ್ದು. ಹಣ ಅಲ್ಲಿ ಹೊಸ ಖಾತೆಯಲ್ಲಿ ಬಿದ್ದಿತ್ತು. ಆ ನಾಲ್ಕು ತಿಂಗಳು ಅಣ್ಣ ಕೈಗಡ ತಂದು ಬಡ್ಡಿ ಕಟ್ಟಿದ. ಅದು ನೆನಪಾದರೆ ಈಗಲೂ ಸಂಕಟ ಆಗುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಲು ಎರಡು ನಿಮಿಷ ಸಾಕು. ಅರ್ಜಿ ಹಾಕುವ ಮುಂಚೆ ಒಮ್ಮೆ, ಹೊಸ ಖಾತೆ ತೆರೆದ ಮೇಲೆ ಮತ್ತೊಮ್ಮೆ ನೋಡಿ. ಕೆವಿಜಿ ಬ್ಯಾಂಕ್ ಖಾತೆ ಇದ್ದವರಿಗೂ ಒಂದು ಮಾತು: 2025ರ ಮೇ ತಿಂಗಳಿಂದ ಅದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಹಳೆ ಪಾಸ್‌ಬುಕ್ ಇದ್ದರೆ ಶಾಖೆಗೆ ಹೋಗಿ ಹೊಸದು ಮಾಡಿಸಿ.

ಹೆಸರಿನ ವಿಷಯವೂ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಆಧಾರ್‌ನಲ್ಲಿ ಅಡ್ಡಹೆಸರು ಮಾಯ. ಜಾತಿ ಆದಾಯ ಪ್ರಮಾಣಪತ್ರದಲ್ಲಿ ಇನ್ನೊಂದು ತರಹ. ನಾಡಕಚೇರಿಯಿಂದ ಪ್ರಮಾಣಪತ್ರ ತೆಗೆಸುವಾಗಲೇ ಅಂಕಪಟ್ಟಿ ತೋರಿಸಿ ಹಾಗೇ ಬರೆಸಿ. ಆ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಹಾಕಿದಾಗ ಹೆಸರು ಹೊಂದದಿದ್ದರೆ ಅರ್ಜಿ ಮುಂದೆ ಹೋಗದು.

ಇಷ್ಟೆಲ್ಲ ಸರಿ ಇದ್ದರೂ ಹಣ ಬರಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಎಸ್‌ಎಸ್‌ಪಿ ಹಣವನ್ನು ಮೊದಲ ಕಂತಿನ ಶುಲ್ಕಕ್ಕೆ ನಂಬಿ ಕೂಡಬೇಡಿ. ಅದು ಸಾಲ ತೀರಿಸುವ ಹಣ ಅಂತ ಇಟ್ಟುಕೊಳ್ಳಿ.

ಎನ್‌ಎಸ್‌ಪಿ: ಹಣ ಕಡಿಮೆ, ಕಾಲೇಜಿನ ಕೋಡ್ ಬೇಕು

ಪಿಯುಸಿಯಲ್ಲಿ ತಮ್ಮ ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲೆ ಬಂದವರಿಗೆ, ಮನೆಯ ಆದಾಯ 4.5 ಲಕ್ಷದೊಳಗೆ ಇದ್ದರೆ, ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಕೇಂದ್ರದ ವಿದ್ಯಾರ್ಥಿವೇತನ ಇದೆ. ಮೊದಲ ಮೂರು ವರ್ಷ 12,000, ನಂತರದ ಎರಡು ವರ್ಷ 20,000. ಜಾತಿಯ ಕಾರಣಕ್ಕೆ ಬೇರೆ ಸ್ಕಾಲರ್‌ಶಿಪ್ ಸಿಗದ ಮಕ್ಕಳಿಗೆ ಇದು ಒಳ್ಳೆಯದು. ಬೇರೆ ಸ್ಕಾಲರ್‌ಶಿಪ್ ಪಡೆಯುವವರಿಗೆ ಇದು ಸಿಗದು. ಹಾಗಾಗಿ ಎಸ್‌ಎಸ್‌ಪಿಯಲ್ಲಿ ಪೂರ್ತಿ ಶುಲ್ಕ ವಾಪಸ್ ಬರುವವರು ಇದರ ಹಿಂದೆ ಬೀಳಬೇಡಿ, ಎಸ್‌ಎಸ್‌ಪಿಯೇ ಲಾಭ.

ನಿಪ್ಪಾಣಿ ಕಡೆಯ ಬೀಡಿ ಕಾರ್ಮಿಕರ ಮಕ್ಕಳಿಗೆ ಎನ್‌ಎಸ್‌ಪಿಯಲ್ಲೇ ಕಾರ್ಮಿಕ ಸಚಿವಾಲಯದ್ದು ಬೇರೆ ಇದೆ. ವೃತ್ತಿ ಕೋರ್ಸಿಗೆ 25,000 ವರೆಗೆ. ಅವ್ವನ ಬೀಡಿ ಕಾರ್ಡ್ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಹೊರಗೆ ತೆಗೆಯಿರಿ.

ಎನ್‌ಎಸ್‌ಪಿಯಲ್ಲಿ ಕಾಲೇಜಿಗೆ ಐಷೆ (ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ) ಕೋಡ್ ಇರಬೇಕು, ನೋಡಲ್ ಅಧಿಕಾರಿ ನೋಂದಣಿ ಆಗಿರಬೇಕು. ಹೊಸ ಕಾಲೇಜಿನ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಪಕ್ಕದ ಊರಿನ ಹೋಲುವ ಹೆಸರು ಆರಿಸಬೇಡಿ. ಹಾಗೆ ಆರಿಸಿ ಅರ್ಜಿ ತಿರಸ್ಕಾರ ಆದವರನ್ನು ನೋಡಿದ್ದೇನೆ. ನಿಮ್ಮ ಪಾಲಿನ ಕೆಲಸ ಮುಗಿಸಿ ಇಡಿ: ಮೊಬೈಲ್ ಆ್ಯಪ್‌ನಲ್ಲಿ ಮುಖ ತೋರಿಸಿ ಒಟಿಆರ್ (ಒಂದೇ ಸಲದ ನೋಂದಣಿ) ನಂಬರ್ ತೆಗೆದುಕೊಳ್ಳಿ, ಅದಕ್ಕೆ ಕಾಲೇಜು ಬೇಕಿಲ್ಲ.

ಸಾಲ: ಅರಿವು ಮೊದಲು, ಬ್ಯಾಂಕು ಆಮೇಲೆ

ಸಾಲ ಅಂದರೆ ನಮ್ಮ ಹಿರಿಯರು ಹೆದರುತ್ತಾರೆ. ಆದರೆ ಸಾಲದಲ್ಲೂ ಸಾಲ ಬೇರೆ ಬೇರೆ, ಅಲ್ವಾ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಅರಿವು ಸಾಲವನ್ನು ನಿಗಮಗಳು ಕೊಡುತ್ತವೆ. ಬಡ್ಡಿ ವರ್ಷಕ್ಕೆ ಶೇ. 2. ದೇವರಾಜ ಅರಸು ಹಿಂದುಳಿದ ವರ್ಗಗಳ ನಿಗಮದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ. ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ಇದೇ ತರಹದ್ದು ಬಸವ ಬೆಳಗು ಅನ್ನುವ ಹೆಸರಲ್ಲಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಮೆಡಿಕಲ್ ಓದುವವರಿಗೆ ಇದಕ್ಕಿಂತ ದೊಡ್ಡ ಮೊತ್ತ ಸಿಗುತ್ತದೆ, ಆದಾಯ ಮಿತಿ 8 ಲಕ್ಷ. ಮತ್ತೆ ಆ ನಿಗಮ ಸೀಟು ಹಂಚಿಕೆಯ ಮುಂಚೆಯೇ ಅರ್ಜಿ ಕರೆಯುತ್ತದೆ. ಸಮಯದ ಲೆಕ್ಕದಲ್ಲಿ ಅದು ಬಂಗಾರದಂಥ ಅನುಕೂಲ. ಸೀಟು ಸಿಕ್ಕ ಮೇಲೆ ಹಾಕೋಣ ಅಂತ ಕೂತರೆ ದಿನಾಂಕ ಮುಗಿದಿರುತ್ತದೆ.

ಲೆಕ್ಕ ಹಾಕಿ ನೋಡಿ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಅದರ ಮೇಲೆ ಬ್ಯಾಂಕು ಕಂತು ಕೇಳದ ಒಂದು ವರ್ಷ. ಒಟ್ಟು ಆರೂವರೆ ವರ್ಷ. ಮೊದಲ ವರ್ಷ ತೆಗೆದ 1 ಲಕ್ಷಕ್ಕೆ ಶೇ. 2ರಂತೆ ಆರೂವರೆ ವರ್ಷದ ಸರಳ ಬಡ್ಡಿ 13,000. ಬ್ಯಾಂಕಿನ ದರ ಶೇ. 10 ಅಂತ ಹಿಡಿದರೆ 65,000. ಒಂದೇ ಲಕ್ಷ, ಆದರೆ 52,000 ಫರಕು. ಅದಕ್ಕೇ ನಾನು ಯಾರಿಗಾದರೂ ಮೊದಲು ಅರಿವು ಅರ್ಜಿ ಹಾಕಿ ಅನ್ನುವುದು.

ಇನ್ನು ಬ್ಯಾಂಕ್ ಸಾಲ. 4 ಲಕ್ಷದವರೆಗೆ ನಿಮ್ಮ ಪಾಲಿನ ಹಣ ಹಾಕಬೇಕಿಲ್ಲ. ಏಳೂವರೆ ಲಕ್ಷದವರೆಗೆ ಆಸ್ತಿ ಅಡವು ಇಲ್ಲದೆ ಕೊಡಬೇಕು, ಅದಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಇದೆ. ಅದರ ಮೇಲೆ ಹೋದರೆ ಅಡವು. ಇಲ್ಲಿ ನಮ್ಮ ರೈತರಿಗೆ ಒಂದು ಪೆಟ್ಟು ಬೀಳುತ್ತದೆ. "ಐದು ಎಕರೆ ನೀರಾವರಿ ಐತಿ, ಅದನ್ನ ಬರಕೊಡ್ತೀವಿ" ಅನ್ನುತ್ತಾರೆ. ಕೃಷಿ ಭೂಮಿಯನ್ನು ಬ್ಯಾಂಕು ಸರ್ಫೇಸಿ ಕಾನೂನಿನಡಿ ವಶಪಡಿಸಿಕೊಳ್ಳಲು ಬರುವುದಿಲ್ಲ. ಹಾಗಾಗಿ ಶೈಕ್ಷಣಿಕ ಸಾಲಕ್ಕೆ ಹೊಲವನ್ನು ಒಪ್ಪುವುದು ತೀರಾ ಕಡಿಮೆ. ಮನೆ, ಎನ್‌ಎ (ಕೃಷಿಯೇತರ) ಆದ ಪ್ಲಾಟ್, ಠೇವಣಿ, ಇವೇ ನಡೆಯುತ್ತವೆ.

ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗೆ ಇದ್ದರೆ ಕೇಂದ್ರದ ಬಡ್ಡಿ ಸಹಾಯಧನ ಕೇಳಲೇಬೇಕು. ಓದುವ ಅವಧಿ ಮತ್ತು ಅದರ ಮೇಲಿನ ಒಂದು ವರ್ಷದ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ, ಸಾಲ 10 ಲಕ್ಷದವರೆಗೆ. ಇದು ಸಿಕ್ಕರೆ ಮೇಲಿನ 65,000 ಸೊನ್ನೆ ಆಗುತ್ತದೆ. ಹೊಸ ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮಾನ್ಯತೆ ಇಲ್ಲ ಅಂತ ಶಾಖೆಯಲ್ಲಿ ತಕರಾರು ಬರಬಹುದು. ವೈದ್ಯಕೀಯ ಕೋರ್ಸಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮೋದನೆ ಇದೆ ಅಂತ ತೋರಿಸಿ. ಆ ವರ್ಷದ ಅನುಮತಿ ಪತ್ರದ ಪ್ರತಿಯನ್ನು ಕಾಲೇಜಿನಿಂದ ತಪ್ಪದೆ ತೆಗೆದುಕೊಳ್ಳಿ. ಜೊತೆಗೆ ಪೂರ್ತಿ ಕೋರ್ಸಿನ ಖರ್ಚನ್ನು, ಹಾಸ್ಟೆಲ್ ಸೇರಿಸಿ, ವರ್ಷವಾರು ಬರೆದ ಲೆಟರ್‌ಹೆಡ್ ಪತ್ರ ಬೇಕು. ಹೊಸ ಕಾಲೇಜುಗಳು ಮೊದಲ ವರ್ಷದ್ದು ಮಾತ್ರ ಬರೆದುಕೊಡುತ್ತವೆ. ಅದನ್ನು ಹಿಡಿದುಕೊಂಡು ಬ್ಯಾಂಕಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಹಾವೇರಿಗೋ ಯಾದಗಿರಿಗೋ ಮತ್ತೊಮ್ಮೆ ಬಸ್ಸು ಹತ್ತಬೇಕು.

ಪಿಎಂ ವಿದ್ಯಾಲಕ್ಷ್ಮಿ ಬಗ್ಗೆ ತುಂಬ ಜನ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆ. ಅಡವು ಬೇಡ, ಜಾಮೀನು ಬೇಡ. 8 ಲಕ್ಷದೊಳಗಿನ ಆದಾಯದವರಿಗೆ, ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ, ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಕೇಳಲು ಚೆಂದ. ಆದರೆ ಕೇಂದ್ರ ಸರ್ಕಾರದ ಸಂಸ್ಥೆಗಳನ್ನು ಬಿಟ್ಟರೆ ಇದು ಎನ್‌ಐಆರ್‌ಎಫ್ (ಕಾಲೇಜುಗಳಿಗೆ ಕೇಂದ್ರ ಕೊಡುವ) ರ‍್ಯಾಂಕಿಂಗ್ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಮಾತ್ರ. ಶುರುವಿನಲ್ಲಿ ಎಲ್ಲ ಸೇರಿ 860. ಮೊದಲ ಬ್ಯಾಚೇ ಹೊರಗೆ ಬಂದಿರದ ಇಂಥ ರಾಜ್ಯದ ಕಾಲೇಜು ಆ ಪಟ್ಟಿಗೆ ಬರುವುದಿಲ್ಲ. ಹೊಸ ಕಾಲೇಜಿನವರು ಇದನ್ನು ನಂಬಿ ದಿನ ಕಳೆಯಬೇಡಿ, ಮಾಮೂಲಿ ಶೈಕ್ಷಣಿಕ ಸಾಲವನ್ನೇ ಕೇಳಿ.

ಅರಿವು, ಬ್ಯಾಂಕು ಎರಡೂ ಬೇಕಾದರೆ ಒಂದೇ ಶುಲ್ಕದ ರಸೀದಿಯನ್ನು ಎರಡು ಕಡೆ ತೋರಿಸಬೇಡಿ. ಕಾಲೇಜು ಶುಲ್ಕಕ್ಕೆ ಅರಿವು, ಹಾಸ್ಟೆಲ್, ಪುಸ್ತಕಕ್ಕೆ ಬ್ಯಾಂಕು. ಇದನ್ನು ಮ್ಯಾನೇಜರ್‌ಗೆ ಮೊದಲೇ ಬಾಯಿಬಿಟ್ಟು ಹೇಳಿಬಿಡಿ.

ಫೌಂಡೇಶನ್‌ಗಳು ಮತ್ತು ಕಾಲೇಜಿನ ಮಾತು

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಈಗ ಒಂದು ಒಳ್ಳೆಯ ದಾರಿ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ 2025ರಲ್ಲಿ ಶುರು ಮಾಡಿದ ದೀಪಿಕಾ ವಿದ್ಯಾರ್ಥಿವೇತನ, ವರ್ಷಕ್ಕೆ 30,000. ಎಲ್ಲಕ್ಕಿಂತ ಮೊದಲು ಇದನ್ನು ನೋಡಿ ಅನ್ನುತ್ತೇನೆ. ಇಲ್ಲಿ ಮುಖ್ಯವಾಗಿ ನೋಡುವುದು ನೀವು ಓದಿದ ಶಾಲೆಯನ್ನು, ಕಾಲೇಜಿನ ರ‍್ಯಾಂಕನ್ನು ಅಲ್ಲ. ರಿಲಯನ್ಸ್ ಫೌಂಡೇಶನ್‌ನದು ಮೊದಲ ವರ್ಷದವರಿಗೇ ಇರುವಂಥದ್ದು, ಪೂರ್ತಿ ಕೋರ್ಸಿಗೆ 2 ಲಕ್ಷದವರೆಗೆ, ಒಂದು ಆನ್‌ಲೈನ್ ಪರೀಕ್ಷೆ ಬರೆಯಬೇಕು. ಲೋರಿಯಲ್‌ನದು ವಿಜ್ಞಾನ ಓದಿದ ಹುಡುಗಿಯರಿಗೆ, ಪಿಯುಸಿಯಲ್ಲಿ ಶೇ. 85 ಬೇಕು, 2.5 ಲಕ್ಷದವರೆಗೆ. ಇನ್ಫೋಸಿಸ್ ಫೌಂಡೇಶನ್‌ನ ಸ್ಟೆಮ್ ಸ್ಟಾರ್ಸ್ ಹುಡುಗಿಯರಿಗೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತದೆ, ಆದರೆ ಅಲ್ಲಿ ಕಾಲೇಜಿನ ಎನ್‌ಐಆರ್‌ಎಫ್ ವಿಷಯ ಬರುತ್ತದೆ. ಆದ್ದರಿಂದ ಹೊಸ ಕಾಲೇಜಿನವರು ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಇವು ಯಾವುವೂ ಗ್ಯಾರಂಟಿ ಅಲ್ಲ. ಆದರೆ ಅರ್ಜಿಗೆ ದುಡ್ಡು ಇಲ್ಲ. ಯಾರಾದರೂ ಪ್ರೊಸೆಸಿಂಗ್ ಫೀ ಅಂತ ಕೇಳಿದರೆ ಅದು ಮೋಸ ಅಂತ ತಿಳಿಯಿರಿ.

ಹೊಸ ಖಾಸಗಿ ಕಾಲೇಜಿನವರು "ಮೊದಲ ಬ್ಯಾಚಿಗೆ ನಾವೇ ಶುಲ್ಕ ಕಡಿಮೆ ಮಾಡುತ್ತೇವೆ" ಅನ್ನುವುದುಂಟು. ನಿಜವಾಗಿ ಮಾಡುವವರೂ ಇದ್ದಾರೆ. ಆದರೆ ಲೆಟರ್‌ಹೆಡ್ ಮೇಲೆ, ಸಹಿ ಸೀಲು ಹಾಕಿ, ಎಷ್ಟು ರೂಪಾಯಿ, ಎಷ್ಟು ವರ್ಷ, ಒಂದು ವಿಷಯ ಹೋದರೆ ಉಳಿಯುತ್ತದೋ ಇಲ್ಲವೋ, ಇಷ್ಟನ್ನೂ ಬರೆಸಿಕೊಳ್ಳಿ. ಮೊದಲ ವರ್ಷ ಬಿಟ್ಟು ಎರಡನೇ ವರ್ಷದಿಂದ ಪೂರ್ತಿ ಕಟ್ಟಬೇಕು ಅಂದರೆ ಅದನ್ನು ಸಹಾಯ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಹಾಗಾದರೆ ಯಾರಿಗೆ ಯಾವುದು

ಸರ್ಕಾರಿ ಕಾಲೇಜಿನ ಸೀಟು ಸಿಕ್ಕವರು ದೊಡ್ಡ ಬ್ಯಾಂಕ್ ಸಾಲಕ್ಕೆ ಕೈ ಹಾಕಬೇಡಿ. ನಿಮಗೆ ಬೇಕಿರುವುದು ಐದಾರು ತಿಂಗಳ ಸೇತುವೆ ಮಾತ್ರ. ಕೆಇಎ ಚಲನ್ ಕಟ್ಟಲು ಕೊಡುವ ದಿನ ಕಡಿಮೆ, ಆ ಹೊತ್ತಿಗೆ ಕಬ್ಬಿನ ಬಿಲ್ಲೂ ಬಂದಿರುವುದಿಲ್ಲ. ಫ್ಯಾಕ್ಟರಿ ಶುರುವಾಗುವುದೇ ದೀಪಾವಳಿ ಆಸುಪಾಸು. ಕೈಗಡ ತರುವ ಬದಲು ಬ್ಯಾಂಕಿನಲ್ಲಿ ಬಂಗಾರದ ಸಾಲ ತೆಗೆಯಿರಿ. 40,000ಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಕೈಗಡ ತಂದರೆ ಆರು ತಿಂಗಳಿಗೆ 7,200. ವರ್ಷಕ್ಕೆ ಶೇ. 10ರ ಬಂಗಾರದ ಸಾಲವಾದರೆ 2,000.

ಖಾಸಗಿ ಕಾಲೇಜಿನ ಸರ್ಕಾರಿ ಸೀಟಾದರೆ ಅರಿವು, ಅದರ ಮೇಲೆ ಬಡ್ಡಿ ಸಹಾಯಧನ ಇರುವ ಬ್ಯಾಂಕ್ ಸಾಲ. ಏಳೂವರೆ ಲಕ್ಷದೊಳಗೆ ಇಡೀ ಕೋರ್ಸ್ ಮುಗಿಸಲು ನೋಡಿ, ಅಡವಿನ ಕಿರಿಕಿರಿ ತಪ್ಪುತ್ತದೆ.

ಪ್ರೈವೇಟ್ ಸೀಟಿನ ಬಗ್ಗೆ ನೇರವಾಗಿ ಹೇಳುತ್ತೇನೆ. ವರ್ಷಕ್ಕೆ 10 ಲಕ್ಷದಂತೆ ನಾಲ್ಕೂವರೆ ವರ್ಷಕ್ಕೆ 45 ಲಕ್ಷ. ಮೇಲೆ ಹೇಳಿದ ಎಲ್ಲ ಸ್ಕಾಲರ್‌ಶಿಪ್ ಸೇರಿದರೂ ಅದರ ಒಂದು ಮೂಲೆ ತುಂಬುವುದಿಲ್ಲ. ಇರುವ ಒಂದು ಮನೆ ಅಡವಿಟ್ಟು ಈ ಸೀಟು ತೆಗೆದುಕೊಳ್ಳುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ. ಮುಂದಿನ ಸುತ್ತಿಗೆ ಕಾಯಬಹುದಾ, ಇನ್ನೊಂದು ವರ್ಷ ನೀಟ್ ಬರೆಯಬಹುದಾ ನೋಡಿ. ಅಪ್ಪ ಅಥವಾ ಅವ್ವ ಇಎಸ್‌ಐ ಇರುವ ಕಾರ್ಖಾನೆಯಲ್ಲಿ ಇದ್ದರೆ ಕಲಬುರಗಿಯ ಇಎಸ್‌ಐ ಮೆಡಿಕಲ್ ಕಾಲೇಜಿನಲ್ಲಿ ಕಾರ್ಮಿಕರ ಮಕ್ಕಳ ಕೋಟಾ ಇದೆ, ಅದನ್ನು ವಿಚಾರಿಸಿ.

ಬನಹಟ್ಟಿಯ ಆ ಹುಡುಗಿಗೆ ನಾವು ಮಾಡಿದ್ದು ಇಷ್ಟು. ಅವರ ಕೈಯಲ್ಲಿ 25,000 ಇತ್ತು. ಉಳಿದದ್ದಕ್ಕೆ ಆಕೆಯ ಅವ್ವ ಕೊರಳಿನ ಬೋರಮಾಳ ಬಿಚ್ಚಿ ಬ್ಯಾಂಕಿನಲ್ಲಿ ಇಟ್ಟರು. ಚಲನ್ ಕಟ್ಟಿದ ಮರುದಿನವೇ ಎಸ್‌ಎಸ್‌ಪಿ ಅರ್ಜಿಗೆ ಕೂತೆವು, ಆಧಾರ್ ಜೋಡಣೆ ನೋಡಿದೆವು, ನೇಕಾರ ಮಕ್ಕಳ ವಿದ್ಯಾನಿಧಿಗೆ ಕಾಗದ ಜೋಡಿಸಿದೆವು. ಆಕೆ ಓದಿದ್ದು ಸರ್ಕಾರಿ ಶಾಲೆ, ಸರ್ಕಾರಿ ಪಿಯು. ಹಾಗಾಗಿ ದೀಪಿಕಾಕ್ಕೂ ಹಾಕಿದೆವು. ಮೊದಲು ಬಂದದ್ದು ಅದರ ಹಣ. ಯುಗಾದಿಗೆ ಮುಂಚೆ ಬೋರಮಾಳ ಬಿಡಿಸಿಕೊಂಡರು. ಈ ಸಲ ರಿನ್ಯೂವಲ್‌ಗೆ ಬಂದಾಗ ಅವ್ವನೂ ಜೊತೆಗೆ ಬಂದಿದ್ದರು, ಕೊರಳಲ್ಲಿ ಅದೇ ಬೋರಮಾಳ. ಕಾಗದಗಳು ಈಗ ಸೀರೆ ಚೀಲದಿಂದ ಒಂದು ಫೈಲಿಗೆ ಬಂದಿವೆ. ಅದರ ಮೇಲೆ ಹುಡುಗಿ ದುಂಡಗಿನ ಅಕ್ಷರದಲ್ಲಿ ಆರ್‌ಡಿ ನಂಬರ್ ಬರೆದು ಅಂಟಿಸಿದ್ದಾಳೆ.